ಕಿರುಗುಟ್ಟಿದರೂ ಎಣ್ಣೆ ಬಿಡಬೇಡಿ

ಮಾಯಸಂದ್ರದ ನಮ್ಮ ಮನೆಯಲ್ಲಿ ಯಾವ ವಸ್ತು ಕಿರ್ ಅಂದರೂ ಅಪ್ಪನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: ‘ಎಣ್ಣೆ ಕೇಳ್ತೈತೆ ಕಣೋ.’ ಬಾವಿಯ ರಾಟೆ ಕೇಳುತ್ತಿತ್ತು, ಅಟ್ಟದ ಬಾಗಿಲ ತಿರುಗಣಿ ಕೇಳುತ್ತಿತ್ತು. ಗಾಡಿಯ ಅಚ್ಚಿಗಂತೂ ಕೀಲೆಣ್ಣೆ ಹಾಕದೆ ಎತ್ತು ಕಟ್ಟುತ್ತಿರಲಿಲ್ಲ. ಕಳೆದ ಆಯುಧ ಪೂಜೆಯ ಹಿಂದಿನ ಸಂಜೆ, ಒಂಬತ್ತನೇ ತರಗತಿ ಓದುವ ಅಕ್ಕನ ಮಗ ತನ್ನ ಹೊಸ ಸೈಕಲ್ ತೊಳೆದು ಅಂಗಳದಲ್ಲಿ ನಿಲ್ಲಿಸಿದ. ಬ್ರೇಕ್ ಹಿಡಿದು ತಳ್ಳಿದರೆ ಹಿಂದಿನ ಚಕ್ರ ಕಿರುಗುಟ್ಟಿತು. ಅಪ್ಪ ಒಳಗೆ ಹೋಗಿ ಎಣ್ಣೆ ಬಟ್ಟಲು ತಂದರು. ಚಕ್ರದ ನಡುವೆ ಹೊಳೆಯುತ್ತಿದ್ದ ತೂತು ತೂತಿನ ಉಕ್ಕಿನ ಬಿಲ್ಲೆಗೆ ಎರಡೂ ಕಡೆ ಕೊಬ್ಬರಿ ಎಣ್ಣೆ ಸವರಿದರು. ಇರಲಿ ಅಂತ ಮುಂದಿನ ಚಕ್ರದ್ದಕ್ಕೂ ಸವರಿದರು. ಶಬ್ದ ನಿಂತಿತು. ತಾತನಿಗೂ ಮೊಮ್ಮಗನಿಗೂ ಸಮಾಧಾನವಾಯಿತು.

ಹಬ್ಬ ಮುಗಿದ ಮಾರನೇ ದಿನ ಹುಡುಗ ಕೆರೆ ಏರಿ ಮೇಲಿಂದ ಇಳಿದು ಬರುವಾಗ ಎರಡೂ ಲಿವರ್ ಅದುಮಿದ. ಚಕ್ರ ನಿಲ್ಲಲಿಲ್ಲ, ನಿಧಾನ ಕೂಡ ಆಗಲಿಲ್ಲ. ತಿರುವಿನಲ್ಲಿ ತೋಟದ ಬೇಲಿಗೆ ನುಗ್ಗಿದ. ಅಂಗೈ ತರಚಿತು, ಮೊಣಕಾಲಿಗೆ ಮೂರು ಹೊಲಿಗೆ ಬಿತ್ತು. ಅಷ್ಟರಲ್ಲೇ ಹೋಯಿತಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಅಪ್ಪ ಮಾತ್ರ ಆ ರಾತ್ರಿ ಊಟಕ್ಕೆ ಏಳಲಿಲ್ಲ. ‘ನಾನೇ ನನ್ನ ಕೈಯಾರೆ ಹಚ್ಚಿದ್ದು’ ಅಂದರು.

ಅವರನ್ನು ದೂರುವ ಮನಸ್ಸು ನನಗಿಲ್ಲ. ಅವರ ಕೈಗೆ ಗೊತ್ತಿದ್ದದ್ದು ಬೇರೆ ಸೈಕಲ್ಲು. ಕಪ್ಪು ಬಣ್ಣದ ಆ ದೊಡ್ಡ ಸೈಕಲ್ಲಿನಲ್ಲಿ ಬ್ರೇಕ್ ಇದ್ದದ್ದು ಚಕ್ರದ ಅಂಚಿನಲ್ಲಿ. ಹ್ಯಾಂಡಲ್ಲಿನಿಂದ ಕಂಬಿ ಎಳೆದರೆ ರಬ್ಬರ್ ತುಂಡುಗಳು ರಿಮ್ಮನ್ನು ಅಮುಕುತ್ತಿದ್ದವು. ಎಣ್ಣೆ ಬೀಳುತ್ತಿದ್ದದ್ದು ಚಕ್ರದ ನಡುವಿನ ಹಬ್ಬಿಗೆ. ಹಳೆಯ ಹಬ್ಬುಗಳಲ್ಲಿ ಅದಕ್ಕೆಂದೇ ಒಂದು ಸಣ್ಣ ತೂತು, ಅದರ ಮೇಲೊಂದು ತಗಡಿನ ಮುಚ್ಚಳ ಇರುತ್ತಿತ್ತು. ಎಣ್ಣೆಯ ಜಾಗ ನಡುವೆ, ಬ್ರೇಕಿನ ಜಾಗ ಅಂಚಿಗೆ. ಎರಡರ ನಡುವೆ ಒಂದು ಅಡಿಯಷ್ಟು ಅಂತರ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿ, ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುವಂತಾದಾಗಲೂ ಬ್ರೇಕು ರಿಮ್ಮಿನ ಮೇಲೆಯೇ ಇತ್ತು. ಈಗ ಗೇರು, ದಪ್ಪ ಟೈರಿನ ಸೈಕಲ್ಲುಗಳು ತುರುವೇಕೆರೆ, ತಿಪಟೂರಿನ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಬ್ರೇಕು, ಅಂದರೆ ಅಪ್ಪ ಎಣ್ಣೆ ಸವರಿದ ಆ ಉಕ್ಕಿನ ಬಿಲ್ಲೆಯ ಡಿಸ್ಕ್ ಬ್ರೇಕು, ಬಂದು ಕೂತಿರುವುದು ಸರಿಯಾಗಿ ಎಣ್ಣೆಯ ಹಳೆಯ ಜಾಗದ ಮಗ್ಗುಲಲ್ಲಿ. ಹಳೆಯ ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ಅನಾಹುತವೂ ಅಲ್ಲೇ ಆಗುತ್ತದೆ.

ಅದೂ ಅಲ್ಲದೆ ನಮ್ಮದು ಎಣ್ಣೆಯ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಆದಮೇಲೆ ಸುಲಿದು ಮಾರುತ್ತೇವೆ. ಹಾಗೆ ಒಣಗಿದ ಕೊಬ್ಬರಿಯ ತೂಕದಲ್ಲಿ ಶೇ 60ರಿಂದ 65ರಷ್ಟು ಬರೀ ಎಣ್ಣೆ. ಕೊಬ್ಬರಿ ಮುಟ್ಟಿದ ಕೈ ಒಣಗಿದಂತೆ ಕಂಡರೂ ಜಿಡ್ಡು ಬಿಡುವುದಿಲ್ಲ. ತಲೆಗೆ ಎಣ್ಣೆ, ಮೈಗೆ ಎಣ್ಣೆ, ಹೊಲಿಗೆ ಯಂತ್ರಕ್ಕೆ ಎಣ್ಣೆ. ಹೀಗಾಗಿ ನಮ್ಮ ಮನೆಗಳಲ್ಲಿ ಡಿಸ್ಕ್ ಬ್ರೇಕಿಗೆ ಇರುವ ಅಪಾಯ ಬೇರೆ ಊರಿನವರಿಗಿಂತ ಒಂದು ತೂಕ ಹೆಚ್ಚು ಎಂದೇ ನಾನು ನಂಬಿದ್ದೇನೆ.

ಡಿಸ್ಕ್ ಬ್ರೇಕು ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕಾರಿಗಾಗಿ ಇದರ ಪೇಟೆಂಟ್ ಪಡೆದದ್ದು 1902ರಲ್ಲಿ. ಕಾರಿನಿಂದ ಮೋಟಾರ್ ಸೈಕಲ್ಲಿಗೆ, ಅಲ್ಲಿಂದ ಗುಡ್ಡಗಾಡಿನ ಸೈಕಲ್ಲಿಗೆ ಬಂತು. ರಸ್ತೆ ಸೈಕಲ್ ಪಂದ್ಯಗಳಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪೂರ್ತಿ ಒಪ್ಪಿಗೆ ಸಿಕ್ಕಿದ್ದು 2018ರ ಜುಲೈನಲ್ಲಿ. ಮಕ್ಕಳ ಸೈಕಲ್ಲಿಗೆ ಇದು ಬಂದದ್ದು ಒಳ್ಳೆಯದೇ. ಕ್ರೋಮ್ ಮೆತ್ತಿದ ಉಕ್ಕಿನ ರಿಮ್ಮು ಮಳೆಯಲ್ಲಿ ನೆಂದರೆ ರಬ್ಬರ್ ಬ್ರೇಕು ಎಷ್ಟು ಜಾರುತ್ತದೆಂದು ಹಳಬರಿಗೆ ಗೊತ್ತು. ಡಿಸ್ಕು ನೆಲದಿಂದ ಮೇಲಿದೆ, ರಸ್ತೆಯ ನೀರು, ಕೆಸರು ಅಲ್ಲಿಗೆ ಮುಟ್ಟುವುದು ಕಡಿಮೆ. ಮುಟ್ಟಿದರೂ ಒಂದೆರಡು ಸುತ್ತಿನಲ್ಲಿ ಪ್ಯಾಡು ಆ ನೀರನ್ನು ಒರೆಸಿ ಹಾಕುತ್ತದೆ. ಆದ್ದರಿಂದ ನೀರನ್ನು ಕಂಡು ಹೆದರಬೇಕಿಲ್ಲ. ಹೆದರಬೇಕಾದದ್ದು ಜಿಡ್ಡಿಗೆ.

ಯಾಕೆಂದು ತಿಳಿಯಲು ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಹಬ್ಬಿಗೆ ಬಿಗಿದ ಉಕ್ಕಿನ ಡಿಸ್ಕ್ ಚಕ್ರದ ಜೊತೆ ತಿರುಗುತ್ತದೆ. ಫ್ರೇಮಿಗೆ ಬಿಗಿದ ಕ್ಯಾಲಿಪರ್ ಅದನ್ನು ಕವುಚಿಕೊಂಡು ಕೂತಿರುತ್ತದೆ. ಲಿವರ್ ಎಳೆದಾಗ ಕ್ಯಾಲಿಪರ್ ಒಳಗಿನ ಎರಡು ಪ್ಯಾಡುಗಳು ಡಿಸ್ಕನ್ನು ಎರಡೂ ಬದಿಯಿಂದ ಅಮುಕುತ್ತವೆ. ಹೊಸ ಸೈಕಲ್ಲಿನ ಮೊದಲ ಇಪ್ಪತ್ತು ಮೂವತ್ತು ಬ್ರೇಕುಗಳಲ್ಲಿ ಪ್ಯಾಡಿನ ಪುಡಿ ಡಿಸ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಮೆತ್ತಿಕೊಳ್ಳುತ್ತದೆ. ಮುಂದೆ ಹಿಡಿತ ಕೊಡುವುದು ಮುಖ್ಯವಾಗಿ ಆ ಪದರವೇ: ಪ್ಯಾಡು ತನ್ನದೇ ಪುಡಿಯ ಮೇಲೆ ಉಜ್ಜಿ ನಿಲ್ಲುತ್ತದೆ. ಅದರ ನಡುವೆ ಎಣ್ಣೆ ಬಂತೆಂದರೆ ಆ ಹಿಡಿತವೇ ಕಳಚಿಹೋಗುತ್ತದೆ.

ಅಗ್ಗದ ಹಾಗೂ ಮಧ್ಯಮ ಬೆಲೆಯ ಸೈಕಲ್ಲುಗಳಲ್ಲಿ ಹೆಚ್ಚಾಗಿ ಬರುವುದು ರೆಸಿನ್ ಪ್ಯಾಡು. ನಾರು, ಪುಡಿಗಳನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ್ದು. ಅದರ ಮೈ ತುಂಬ ಸಣ್ಣ ಸಣ್ಣ ರಂಧ್ರಗಳು. ಎಣ್ಣೆ ಕಂಡರೆ ಒಣ ಮಡಿಕೆ ನೀರು ಹೀರಿದಂತೆ ಹೀರುತ್ತದೆ. ಮೇಲೆ ಒರೆಸಿದರೆ ಹೋದಂತೆ ಕಾಣುತ್ತದೆ, ಬಿಸಿಯಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ಆಗ ಬ್ರೇಕು ನಡುಗುತ್ತಾ ಕಿರುಚುತ್ತದೆ. ನಮ್ಮ ಹಿರಿಯರ ಲೆಕ್ಕಕ್ಕೆ ಇದು ಪೂರ್ತಿ ತಿರುಗುಮುರುಗು. ಗಾಡಿಯ ಅಚ್ಚು ಕಿರುಗುಟ್ಟುವುದು ಎಣ್ಣೆ ಇಲ್ಲದ್ದಕ್ಕೆ. ಡಿಸ್ಕು ಬಿಡದೆ ಕಿರುಗುಟ್ಟಿದರೆ ಬಹಳ ಸಲ ಎಣ್ಣೆ ತಾಗಿದ್ದಕ್ಕೆ. ತೊಳೆದ ತಕ್ಷಣ, ಒದ್ದೆ ಇರುವಾಗ ಒಂದಿಷ್ಟು ಸದ್ದು ಬರುವುದು ಸಹಜ. ನಾಲ್ಕೈದು ಸಲ ಬ್ರೇಕ್ ಹಿಡಿದರೆ ನೀರು ಹಾರಿ ತಾನೇ ಸುಮ್ಮನಾಗುತ್ತದೆ. ಅಂದು ಸಂಜೆ ನಮ್ಮ ಅಂಗಳದಲ್ಲಿ ಕೇಳಿಸಿದ್ದೂ ಅದೇ ನೀರಿನ ಸದ್ದು. ಐದು ನಿಮಿಷ ಕಾದಿದ್ದರೆ ಸಾಕಿತ್ತು.

ಇನ್ನೊಂದು ಸಂಗತಿ ಶಾಖ. ಸೈಕಲ್ಲು, ಸವಾರ ಸೇರಿ 90 ಕಿಲೋ ಎಂದುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಆ ಓಟದಲ್ಲಿ ಅಡಗಿರುವ ಶಕ್ತಿ 4,500 ಜೂಲ್. ನಿಂತಾಗ ಅಷ್ಟೂ ಶಾಖವಾಗಬೇಕು. ಡಿಸ್ಕಿನ ತೂಕ ಸಾಮಾನ್ಯವಾಗಿ 120 ಗ್ರಾಂ ಆಸುಪಾಸು. ಒಂದೇ ಡಿಸ್ಕು ಅಷ್ಟನ್ನೂ ಹೊತ್ತರೆ ಒಂದೇ ಬ್ರೇಕಿಗೆ ಅದರ ಬಿಸಿ 75 ಡಿಗ್ರಿ ಏರುತ್ತದೆ. ಎರಡು ಡಿಸ್ಕಿಗೆ ಹಂಚಿದರೂ ಕೈ ಚುರ್ ಅನ್ನುವಷ್ಟು ಸಾಕು. ಮೇಲಿಂದ ಮೇಲೆ ಹೀಗೆ ಬ್ರೇಕ್ ಹಿಡಿಯಬೇಕಾದ ಇಳಿಜಾರು ನಮ್ಮ ತೋಟದ ಸೀಮೆಯಲ್ಲಿ ಕಡಿಮೆ. ಆದರೆ ಭಾನುವಾರ ಬೆಳಗ್ಗೆ ನಂದಿಬೆಟ್ಟ ಹತ್ತಿ ಇಳಿಯುವ ಬೆಂಗಳೂರಿನ ಸೈಕಲ್ ಸವಾರರಿಗೆ ಇದು ವಾರವಾರದ ಅನುಭವ. ಇಳಿದ ಕೂಡಲೇ ತಣ್ಣೀರು ಎರಚಿದರೆ ಡಿಸ್ಕು ಸೊಟ್ಟಗಾಗಬಹುದು. ಆಮೇಲೆ ಅದು ಪ್ರತಿ ಸುತ್ತಿಗೂ ಪ್ಯಾಡಿಗೆ ತಾಗಿ ಸರ್ ಸರ್ ಅನ್ನುತ್ತದೆ. ಸವಾರಿಯಿಂದ ಬಂದ ಸೈಕಲ್ಲನ್ನು ಕಾಲು ಗಂಟೆ ನೆರಳಲ್ಲಿ ಬಿಟ್ಟು ಆಮೇಲೆ ನೀರು ಮುಟ್ಟಿಸಿ.

ಈಗ ತೊಳೆಯುವ ವಿಷಯ. ಮೊದಲನೆಯದಾಗಿ, ಸೈಕಲ್ಲನ್ನು ಬೈಕಿನ ಜೊತೆ ವಾಟರ್ ಸರ್ವೀಸಿಗೆ ಒಯ್ಯಬೇಡಿ. ಅಲ್ಲಿನ ಪೈಪಿನ ನೀರು ಕೆಸರನ್ನು ಕಿತ್ತೆಸೆಯುವ ಜೋರಿನಲ್ಲಿ ಬರುತ್ತದೆ. ಸೈಕಲ್ಲಿನ ಹಬ್ಬು, ಪೆಡಲಿನ ನಡುವಿನ ಕಪ್ಪು, ಹ್ಯಾಂಡಲ್ ಬುಡ, ಎಲ್ಲ ಕಡೆ ಗೋಲಿಗಳ ಸುತ್ತ ಇರುವ ಗ್ರೀಸು ಆ ಜೋರಿಗೆ ತಡೆಯುವುದಿಲ್ಲ. ಗ್ರೀಸು ಹೊರಬಂದರೆ ಬೇರಿಂಗಿಗೂ ಕೇಡು, ಪಕ್ಕದಲ್ಲೇ ಇರುವ ಡಿಸ್ಕಿಗೂ ಕೇಡು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಎಷ್ಟೋ ಕಡೆ ಗಾಡಿ ಹೊಳೆಯಲಿ ಅಂತ ಡೀಸೆಲ್ಲನ್ನೋ ಸೀಮೆಎಣ್ಣೆಯನ್ನೋ ಸಿಂಪಡಿಸುವ ರೂಢಿ ಇದೆ. ಇಂಜಿನ್ನಿನ ಕೆಳಭಾಗಕ್ಕೆ ಅದು ಏನು ಮಾಡುತ್ತದೋ ಬಿಡಿ, ಪ್ಯಾಡಿನ ಮೇಲೆ ಬಿದ್ದರೆ ಆ ಪ್ಯಾಡಿನ ಆಯಸ್ಸು ಮುಗಿದಂತೆ. ಬೈಕಿಗೆ ಡಿಸ್ಕ್ ಇರುವವರೂ ಈ ಮಾತನ್ನು ನೆನಪಿಡಬೇಕು.

ಮನೆಯಲ್ಲಿ ಎರಡು ಬಕೆಟ್ ನೀರು, ಒಂದು ಚೊಂಬು ಇದ್ದರೆ ಧಾರಾಳವಾಯಿತು. ನಮ್ಮ ಕಡೆಯ ಕೆಮ್ಮಣ್ಣು, ತೋಟಕ್ಕೆ ಹೊಡೆಸಿದ ಕೆರೆಗೋಡು ಒಣಗಿ ಅಂಟಿಕೊಂಡರೆ ಅದರೊಳಗಿನ ಮರಳು ಉಪ್ಪುಕಾಗದದಂತೆ ಗೀರುತ್ತದೆ. ಒಣಗಿದ್ದನ್ನು ಬ್ರಷ್ಷಿನಿಂದ ಕೆರೆಯಬೇಡಿ. ಚೊಂಬಿನಲ್ಲಿ ಮೇಲಿಂದ ನೀರು ಹನಿಸಿ, ಹತ್ತು ನಿಮಿಷ ನೆನೆಯಲು ಬಿಡಿ, ತಾನಾಗಿ ಜಾರಿ ಇಳಿಯುತ್ತದೆ. ಪಾತ್ರೆ ತಿಕ್ಕುವ ತೆಂಗಿನ ಗುಂಜು ನಮ್ಮ ಕೈಗೆ ಸುಲಭವಾಗಿ ಸಿಗುವಂಥದು. ಹೊಸ ಗುಂಜು ಟೈರಿಗೆ ಚೆನ್ನ. ಆದರೆ ಬಣ್ಣದ ಮೇಲೆ ಗೆರೆ ಬೀಳುತ್ತದೆ. ಅಡುಗೆಮನೆಯಲ್ಲಿ ಬಾಣಲೆ ತಿಕ್ಕಿದ ಗುಂಜನ್ನಂತೂ ಡಿಸ್ಕಿನ ಹತ್ತಿರ ತರಲೇಬಾರದು.

ಕ್ರಮ ಮುಖ್ಯ. ಚೈನು ಮೊದಲು, ಡಿಸ್ಕು ಕಟ್ಟಕಡೆಗೆ. ಚೈನು ಬಲಗಡೆ ಇದೆ, ಡಿಸ್ಕು ಎಡಗಡೆ. ಸೈಕಲ್ ಮಾಡಿದವರು ಎರಡನ್ನೂ ದೂರ ಇಟ್ಟು ಅರ್ಧ ಕೆಲಸ ಮುಗಿಸಿಕೊಟ್ಟಿದ್ದಾರೆ. ಉಳಿದರ್ಧ ನಮ್ಮದು. ಚೈನಿನ ಕರಿ ತೆಗೆಯುವಾಗ ಹಿಂದಿನ ಡಿಸ್ಕಿಗೂ ಕ್ಯಾಲಿಪರಿಗೂ ಸೇರಿಸಿ ಒಂದು ಹೊಸ ಪ್ಲಾಸ್ಟಿಕ್ ಕವರು ಸುತ್ತಿ, ದಾರ ಕಟ್ಟಿ. ಕಡ್ಡಿಗಳ ನಡುವೆ ತೂರಿ ಬರುವ ಹನಿಯನ್ನು ಅದು ತಡೆಯುತ್ತದೆ. ಚೈನು ಮುಟ್ಟಿದ ಬಟ್ಟೆ, ಬ್ರಷ್ಷು, ನೀರು ಯಾವುದೂ ಆ ಮೇಲೆ ಎಡಗಡೆಗೆ ಬರಬಾರದು. ಈ ಒಂದು ಮಡಿಯನ್ನು ಪಾಲಿಸಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಹೀಗೆ ಕರಿ ಬಿಟ್ಟ ನೀರನ್ನು ಕೆರೆ ಕಟ್ಟೆಯ ಮೇಲೆ ಚೆಲ್ಲಬೇಡಿ. ದನ ಅಲ್ಲೇ ನೀರು ಕುಡಿಯುತ್ತವೆ.

ಸೋಪಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ ಎಂದು ಹೆಂಗಸರು ಗೊಣಗುತ್ತಾರಲ್ಲ, ಅದಕ್ಕೆ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಎಣ್ಣೆಯಿಂದ ಮಾಡಿದ ಬಿಲ್ಲೆ ಸೋಪು ಇಂಥ ಗಡಸು ನೀರಿಗೆ ಸೇರಿದರೆ ನೊರೆಯ ಬದಲು ನೀರಲ್ಲಿ ಕರಗದ ಜಿಡ್ಡು ಗಸಿ ಕಟ್ಟುತ್ತದೆ. ಬಚ್ಚಲ ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆಯಾಗಿ ನಿಲ್ಲುವುದು ಅದೇ. ಡಿಸ್ಕಿನ ಮೇಲೂ ಅದೇ ನಿಲ್ಲುತ್ತದೆ. ಪಾತ್ರೆ ತೊಳೆಯುವ ದ್ರವಕ್ಕೆ ಈ ದೋಷವಿಲ್ಲ. ಒಂದು ಬಕೆಟ್ಟಿಗೆ ಅರ್ಧ ಚಮಚ ಸಾಕು. ತೊಳೆದು, ಮತ್ತೊಂದು ಬಕೆಟ್ಟಿನ ಬರೀ ನೀರಲ್ಲಿ ನೊರೆ ಪೂರ್ತಿ ಹೋಗುವಂತೆ ಜಾಲಿಸಿ. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾ ಇರುತ್ತದೆ, ಅಲ್ಯೂಮಿನಿಯಂ ಭಾಗಗಳು ಮಂಕಾಗುತ್ತವೆ. ಕಾರಿಗೆ ಹೊಳಪು ಕೊಡುವ ಮೇಣ ಬೆರೆಸಿದ ಶಾಂಪೂ ಡಿಸ್ಕಿನ ಸೈಕಲ್ಲಿಗೆ ಬೇಡವೇ ಬೇಡ. ಮಳೆ ನೀರು ಹಿಡಿದಿಟ್ಟುಕೊಂಡಿದ್ದರೆ ಕೊನೆಯ ಜಾಲಿಕೆಗೆ ಅದೇ ಬಳಸಿ. ಅದರಷ್ಟು ಮೃದು ನೀರು ಬೇರೆ ಇಲ್ಲ.

ಡಿಸ್ಕನ್ನು ಕೊನೆಗೆ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುತ್ತಾರೆ. ಜಿಡ್ಡನ್ನು ಕರಗಿಸಿ, ತಾನೂ ಹಾರಿಹೋಗಿ, ಹಿಂದೆ ಏನನ್ನೂ ಉಳಿಸುವುದಿಲ್ಲ. ಔಷಧದಂಗಡಿಯಲ್ಲಿ, ಮೊಬೈಲ್ ರಿಪೇರಿಯವರ ಹತ್ತಿರ ಸಿಗುತ್ತದೆ. ಕೊರೊನಾ ಕಾಲದಿಂದ ಮನೆಯಲ್ಲಿ ಉಳಿದಿರುವ ಸ್ಯಾನಿಟೈಜರ್ ಇದಕ್ಕೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕೈ ಒಡೆಯದಿರಲಿ ಎಂದು ಅದಕ್ಕೆ ಗ್ಲಿಸರಿನ್ ಬೆರೆಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂತ್ರದಲ್ಲೇ ಶೇ 1.45ರಷ್ಟು ಗ್ಲಿಸರಿನ್ ಇದೆ. ಅದು ಡಿಸ್ಕಿನ ಮೇಲೆ ಹಾಗೆಯೇ ಉಳಿಯುತ್ತದೆ. ಆಲ್ಕೋಹಾಲ್ ಸಿಗದಿದ್ದರೆ ಚಿಂತೆ ಬೇಡ, ಪಾತ್ರೆ ದ್ರವದ ನೀರಲ್ಲಿ ತೊಳೆದು ಬರೀ ನೀರಲ್ಲಿ ಜಾಲಿಸಿ, ಒಗೆದು ಒಣಗಿಸಿದ ಹಳೆ ಪಂಚೆಯ ತುಂಡಿನಿಂದ ಒರೆಸಿದರೂ ಸಾಕು. ಬೆರಳನ್ನು ಮಾತ್ರ ತಾಗಿಸಬೇಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಮಕ್ಕಳು ಮಾಡುವುದು ಇದನ್ನೇ. ಪೆಡಲ್ ತಿರುಗಿಸಿ ಚಕ್ರ ಓಡುತ್ತಿರುವಾಗ ಡಿಸ್ಕಿಗೆ ಬಟ್ಟೆ ಹಿಡಿದರೆ ಬೇಗ ಒರೆಸಿದಂತಾಗುತ್ತದೆ ಎಂದು ಅವರಿಗೆ ಅನ್ನಿಸುತ್ತದೆ. ಡಿಸ್ಕಿನ ತುಂಬ ತೂತುಗಳಿವೆ, ಅಂಚು ತೆಳು. ಹೊಸ ಡಿಸ್ಕಿನ ದಪ್ಪ ಸಾಮಾನ್ಯವಾಗಿ 1.8 ಮಿಲಿಮೀಟರ್ ಅಷ್ಟೆ. ಬಟ್ಟೆ ತೂತಿಗೆ ಸಿಕ್ಕಿ ಬೆರಳನ್ನು ಕ್ಯಾಲಿಪರಿನ ಕಡೆ ಎಳೆದೊಯ್ದರೆ ಬೆರಳ ತುದಿ ಕತ್ತರಿಸಿಹೋಗಬಹುದು. ಚಕ್ರ ನಿಂತಿರಲಿ. ಒಂದು ಗೇಣು ಒರೆಸಿ, ಟೈರು ಹಿಡಿದು ಸ್ವಲ್ಪ ತಿರುಗಿಸಿ, ಮತ್ತೆ ಒಂದು ಗೇಣು ಒರೆಸಿ. ಸಣ್ಣ ಮಕ್ಕಳಿದ್ದರೆ ದೊಡ್ಡವರು ಪಕ್ಕದಲ್ಲಿ ನಿಲ್ಲಿ.

ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಹ್ಯಾಂಡಲ್ ಮೇಲೆ ನಿಲ್ಲಿಸಿ ತೊಳೆಯುವುದು ನಮ್ಮೆಲ್ಲರ ಅಭ್ಯಾಸ. ತಂತಿ ಎಳೆದು ಹಿಡಿಯುವ ಡಿಸ್ಕಾದರೆ ತೊಂದರೆಯಿಲ್ಲ. ಲಿವರಿನಿಂದ ಕ್ಯಾಲಿಪರಿಗೆ ದ್ರವ ತುಂಬಿದ ಕೊಳವೆ ಇರುವ ಹೈಡ್ರಾಲಿಕ್ ಬ್ರೇಕಾದರೆ, ತಲೆಕೆಳಗಾದಾಗ ಲಿವರಿನ ಡಬ್ಬಿಯಲ್ಲಿರುವ ಗಾಳಿಗುಳ್ಳೆ ಕೊಳವೆಗೆ ನುಗ್ಗಬಹುದು. ಆಮೇಲೆ ಲಿವರ್ ಮೆತ್ತಗೆ ಹ್ಯಾಂಡಲ್ ತನಕ ಬರುತ್ತದೆ, ಹಿಡಿತ ಇರುವುದಿಲ್ಲ. ಹಾಗೆಯೇ ಚಕ್ರ ಬಿಚ್ಚಿಟ್ಟಾಗ ಹೈಡ್ರಾಲಿಕ್ ಲಿವರ್ ಎಳೆಯಬಾರದು. ನಡುವೆ ಡಿಸ್ಕು ಇಲ್ಲದೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಕ್ರ ತೆಗೆದ ಕೂಡಲೇ ಒಂದು ಶುದ್ಧ ರಟ್ಟಿನ ತುಂಡನ್ನು ಮಡಿಸಿ ಆ ಜಾಗಕ್ಕೆ ಸಿಕ್ಕಿಸಿಡಿ.

ಒಣಗಿದ ಮೇಲೆ ಚೈನಿಗೆ ಎಣ್ಣೆ ಬೇಕೇ ಬೇಕು. ಅದು ಎಣ್ಣೆಯ ನ್ಯಾಯವಾದ ಜಾಗ. ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ಪುಷ್ಯದ ಬೆಳಗಿನಲ್ಲಿ ಸೀಸೆಯಿಂದ ಇಳಿಯದ ಎಣ್ಣೆ ಚೈನಿನ ಕೊಂಡಿಯೊಳಗೆ ಇಳಿಯುವುದು ಹೇಗೆ? ಬೈಕಿನಿಂದ ತೆಗೆದ ಹಳೇ ಆಯಿಲ್ಲೂ ಬೇಡ, ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಸೈಕಲ್ ಅಂಗಡಿಯ ಚೈನ್ ಎಣ್ಣೆಯ ಸಣ್ಣ ಸೀಸೆ ತಂದು, ಚೈನಿನ ಒಳಮೈಗೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡಿ. ಹತ್ತು ನಿಮಿಷ ಬಿಟ್ಟು, ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಫುಸ್ ಎಂದು ಸಿಂಪಡಿಸುವ ಡಬ್ಬಿ ಬೇಡ. ಅದರ ಮಂಜು ಕಡ್ಡಿಗಳನ್ನು ದಾಟಿ ನೇರ ಡಿಸ್ಕಿಗೆ ಹೋಗುತ್ತದೆ.

ಆಯುಧ ಪೂಜೆಯ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಕರ್ನಾಟಕದಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರತಿ ಸೈಕಲ್ಲಿಗೂ ನೀರು ಬೀಳುವ ದಿನ ಅದು. ಆ ದಿನವೇ ಅದಕ್ಕೆ ವಿಭೂತಿ ಪಟ್ಟೆ, ಎಣ್ಣೆಯಲ್ಲಿ ಕಲಸಿದ ಕುಂಕುಮ, ಬಾಳೆಕಂದು, ಚೆಂಡು ಹೂವಿನ ಹಾರ. ಪೂಜೆ ಬಿಡಿ ಎಂದು ನಾನು ಹೇಳುವುದಿಲ್ಲ, ನಾನೂ ಬಿಡುವವನಲ್ಲ. ಬೊಟ್ಟು ಹ್ಯಾಂಡಲ್ಲಿಗೆ, ಫ್ರೇಮಿನ ಮುಂಭಾಗಕ್ಕೆ ಇಡಿ. ನಿಂಬೆಹಣ್ಣು ಟೈರಿನ ಕೆಳಗೆ ಇಡುವುದು, ಅದರಿಂದ ಬ್ರೇಕಿಗೆ ಏನೂ ಆಗದು. ಹಾರ ಹ್ಯಾಂಡಲ್ಲಿನಿಂದ ಚಕ್ರದ ಮಟ್ಟಕ್ಕೆ ಇಳಿಬೀಳದಿರಲಿ. ಅದರ ದಾರ ಡಿಸ್ಕಿಗೂ ಹಬ್ಬಿಗೂ ಸುತ್ತಿಕೊಂಡರೆ ಓಡುತ್ತಿರುವ ಚಕ್ರ ತಟ್ಟನೆ ಕಚ್ಚಿಕೊಳ್ಳುತ್ತದೆ. ಡಿಸ್ಕನ್ನು ಆಲ್ಕೋಹಾಲಿನಲ್ಲಿ ಒರೆಸಿದ್ದರೆ ಅದು ಪೂರ್ತಿ ಹಾರಿಹೋಗಿ, ಸೀಸೆಯನ್ನು ಒಳಗೆ ಎತ್ತಿಟ್ಟ ಮೇಲೆಯೇ ಕರ್ಪೂರ ಹಚ್ಚಿ. ಆಲ್ಕೋಹಾಲಿನ ಆವಿಗೂ ಬೆಂಕಿ ತಗಲುತ್ತದೆ.

ಎಣ್ಣೆ ಆಗಲೇ ತಾಗಿಬಿಟ್ಟಿದ್ದರೆ ಏನು ಮಾಡುವುದು? ಡಿಸ್ಕು ಉಕ್ಕು, ಅದು ಎಣ್ಣೆ ಕುಡಿಯುವುದಿಲ್ಲ, ಚೆನ್ನಾಗಿ ಒರೆಸಿದರೆ ಉಳಿಯುತ್ತದೆ. ಪ್ಯಾಡಿಗೆ ಬರೀ ಮೇಲ್ಮೈಗೆ ಸೋಕಿದ್ದರೆ ನಯವಾದ ಉಪ್ಪುಕಾಗದದ ಮೇಲೆ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ ನೋಡಬಹುದು. ಪ್ಯಾಡಿನ ಧೂಳನ್ನು ಊದಬೇಡಿ, ಉಸಿರಿಗೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಆದರೆ ನಮ್ಮ ಮನೆಯಲ್ಲಿ ಆದಂತೆ ಎಣ್ಣೆ ಸುರಿದಿದ್ದರೆ ಪ್ಯಾಡು ಬದಲಿಸುವುದೊಂದೇ ದಾರಿ. ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹೊಗೆಯೂ ಕೆಟ್ಟದ್ದು, ಪ್ಯಾಡಿನ ಅಂಟೂ ಸಡಿಲವಾಗುತ್ತದೆ. ಮಗುವಿನ ಬ್ರೇಕಿನಲ್ಲಿ ಅಂಥ ಉಳಿತಾಯ ಬೇಡ. ಹೊಸ ಪ್ಯಾಡು ಹಾಕಿದ ಮೇಲೆ ಖಾಲಿ ಜಾಗದಲ್ಲಿ ಸಾಧಾರಣ ವೇಗದಲ್ಲಿ ಹೋಗಿ, ನಿಧಾನಕ್ಕೆ ಬ್ರೇಕ್ ಹಿಡಿಯುತ್ತಾ ಇಪ್ಪತ್ತು ಮೂವತ್ತು ಸಲ ಪಳಗಿಸಬೇಕು. ನಾವು ಶಾಲೆಯ ಮೈದಾನದಲ್ಲಿ ಅದನ್ನು ಮಾಡಿದೆವು. ಅಪ್ಪ ಕಟ್ಟೆಯ ಮೇಲೆ ಕೂತು ಎಣಿಸಿದರು.

ಈಗ ನಮ್ಮ ಹಜಾರದ ಗೋಡೆಯಲ್ಲಿ ಒಂದು ಮೊಳೆ ಹೆಚ್ಚಾಗಿದೆ. ಡಿಸ್ಕ್ ಒರೆಸುವ ಬಿಳಿ ಬಟ್ಟೆ ಅದರ ಮೇಲೆ, ಚೈನಿನ ಕರಿ ಬಟ್ಟೆ ಆಚೆ ಕೊಟ್ಟಿಗೆಯಲ್ಲಿ. ಬಿಳಿ ಬಟ್ಟೆ ಯಾರಾದರೂ ಬೇರೆ ಕೆಲಸಕ್ಕೆ ಎಳೆದುಕೊಂಡರೆ ಅಪ್ಪನೇ ಗದರುತ್ತಾರೆ.

ನಿಮ್ಮ ಮನೆಯಲ್ಲೂ ಡಿಸ್ಕ್ ಬ್ರೇಕಿನ ಸೈಕಲ್ ಇದ್ದರೆ, ಇವತ್ತೇ ಅಂಗಳದಲ್ಲಿ ಒಂದು ಸುತ್ತು ಹೊಡೆದು ಎರಡೂ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ನೋಡಿ. ಒಂದೇ ಒಂದು ಜಾರಿದರೂ ಸರಿಪಡಿಸುವ ತನಕ ಮಗುವನ್ನು ಆ ಸೈಕಲ್ಲಿನಲ್ಲಿ ಶಾಲೆಗೆ ಕಳಿಸಬೇಡಿ.